ಮೂವತ್ತೊಂದನೆಯ ಪುಟ

ಬೂಟಿನ ಹಿಮ ಕೊಡವಿ ಮೆಟ್ಟಿಲು ಹತ್ತಿ ಬಂದ
ಟಾರ್ಟು ಊರಿನ ಅಂಚೆಯ ರೈಹೋ.
ಬೇಕರಿಯ ಮೇಲಿನ ಒಂದೇ ಕೋಣೆ ನಮ್ಮ ಕಚೇರಿ,
ನೆಲದಿಂದೇಳುವ ರೊಟ್ಟಿಯ ಬಿಸಿಯೇ ಹೀಟರು.
ಇಪ್ಪತ್ತಮೂರು ಲಕೋಟೆ, ಒಂದು ಪೊಟ್ಟಣ.
ಲಕೋಟೆಗಳಲ್ಲಿ ಎರಡು, ಕರೆಂಟಿನ ಬಿಲ್ಲು.

ಸಾವಿರ ಪ್ರತಿ ಹಾಕಿಸಿದ್ದೆವು.
ವೆಬ್ ಪುಟ ಕಟ್ಟುವುದನ್ನು ಕಾಗದದ ಮೇಲೆ ಕಲಿಸುವುದೇ?
ಅಂಚೆಯಲ್ಲಿ ಈಜು ಕಲಿಸಿದ ಹಾಗಾಯಿತು
ಅಂದಿದ್ದ ಮುದ್ರಕ ಕಾಲ್ಯು, ಮುಂಗಡ ಎಣಿಸಿಕೊಳ್ಳುತ್ತ.
ಉರ್ಮಾಸ್ ತನ್ನ ಮೋಟರ್‌ಸೈಕಲ್ ಮಾರಿದ್ದ.
ಮಾರುವಂಥದ್ದೇನೂ ಇಲ್ಲದ ನಾನು
ನಿದ್ದೆ ಮಾರಿದ್ದೆ.

ಮೊದಲು ಒಡೆದದ್ದು ಪಾರ್ನುವಿನ ವಕೀಲರದು:
ನಿಮ್ಮ ಮುಖಪುಟದ ಹಸಿರಿಗೆ ಹೊಟ್ಟೆ ತೊಳಸುತ್ತದೆ.
ಆಮೇಲೆ ವಾಲ್ಗಾದ ಶಾಲೆಯ ಹುಡುಗ:
ಹನ್ನೆರಡನೆಯ ಪುಟವನ್ನು ಮೂರು ರಾತ್ರಿ ಟೈಪು ಮಾಡಿದೆ,
ಪರದೆ ಬೆಳ್ಳಗೇ ಕೂತಿತ್ತು.
ನಾಲ್ಕನೆಯ ರಾತ್ರಿ ತಿಳಿಯಿತು,
ನಾನು ಚುಕ್ಕಿ ಅಂತ ಹೊಡೆದದ್ದು ನೊಣದ ಹಿಕ್ಕೆ.
ಪತ್ರಿಕೆ ಚೆನ್ನಾಗಿದೆ.

ಕಾಲೇಜಿನ ಮೇಷ್ಟ್ರು ಕೆಂಪು ಶಾಯಿಯಲ್ಲಿ
ಹದಿನಾರು ತಪ್ಪು ಹೆಕ್ಕಿ ತೆಗೆದಿದ್ದರು,
ಕೊನೆಗೆ: ವರ್ಷದ ಚಂದಾ ಇದರೊಳಗಿದೆ.
ಲಕೋಟೆ ಕೊಡವಿದೆವು. ಬೆಳಕಿಗೆ ಹಿಡಿದೆವು.
ಇರಲಿಲ್ಲ. ಹದಿನೇಳನೆಯದು ಅವರದೇ
ಎಂದು ಉರ್ಮಾಸ್ ನಗಲಾರದೆ ನಕ್ಕ.

ಪೊಟ್ಟಣ ಕೀಹ್ನು ದ್ವೀಪದ್ದು.
ಬಿಚ್ಚಿದರೆ ಕೋಣೆ ತುಂಬ ಹೊಗೆ ಹಿಡಿಸಿದ ಮೀನಿನ ವಾಸನೆ,
ಒಳಗೆ ಅಂಗೈಯಗಲ ಹೆಣಿಗೆ, ಕೆಂಪು ಬೂದು ಉಣ್ಣೆ,
ಜೊತೆಗೊಂದು ಚೀಟಿ:

"ಮೀನು ಸುತ್ತಿ ಕೊಟ್ಟ ಕಾಗದ ನಿಮ್ಮ ಮೂವತ್ತೊಂದನೆಯ ಪುಟ.
ಬುಡದಲ್ಲಿ ವಿಳಾಸ, ಹಿಲ್ಲೆ ಅಂತ ನಿನ್ನ ಹೆಸರು.
ಕಂಪ್ಯೂಟರು ಮುಟ್ಟಿದವಳಲ್ಲ ನಾನು.
ಇಷ್ಟು ಸಲ ಹೀಗೆ ಮಾಡು, ಆಮೇಲೆ ತಿರುಗು,
ಮತ್ತೆ ಮೊದಲಿಂದ ಅಂತಿತ್ತು;
ಕೈಗವಸಿನ ನಮೂನೆ ಅಂದುಕೊಂಡು ಹೆಣೆದೆ.
ಸೊನ್ನೆಯಿಂದ ಎಣಿಸು ಅನ್ನುತ್ತೀರಿ.
ಇರಲಿ, ನಿಮ್ಮ ಕಡೆಯ ಪದ್ಧತಿ.
ಆದರೆ ಸೊನ್ನೆಯಿಂದ ಹೊರಟು ಹತ್ತನ್ನೂ ಮುಟ್ಟಿದರೆ
ಹನ್ನೊಂದಾಗುತ್ತದಲ್ಲೇ ಹುಡುಗಿ.
ಸಾಲು ಸಾಲಿಗೂ ಒಂದೊಂದು ಕುಣಿಕೆ ಹೆಚ್ಚು.
ಹತ್ತು ಅಂತ ಮೇಲೆ ನೀವೇ ಬರೆದಿದ್ದೀರಿ.
ರೊಸಾಲಿ."

ಯಂತ್ರ ಹಚ್ಚಿದೆವು.
ಅಚ್ಚಾದ ಮೇಲೆ ಮೊದಲ ಸಲ
ನಮ್ಮ ಪುಟವನ್ನು ನಾವೇ ಕಾಗದ ನೋಡಿ ಟೈಪು ಮಾಡಿದೆವು.
ಹತ್ತು ಮನೆಗಳ ಪಟ್ಟಿ ಬಂತು,
ಅದರ ಬಲಕ್ಕೆ, ಉದ್ದಕ್ಕೂ,
ಯಾರೂ ಕರೆಯದೆ ಬಂದು ಬಾಗಿಲಲ್ಲಿ ನಿಂತ ನೆಂಟನಂತೆ
ಹನ್ನೊಂದನೆಯ ಖಾಲಿ ಮನೆ.

ನಾಲ್ಕು ಜನ ತಿದ್ದಿದ್ದೆವು ಅದನ್ನು.
ಮೇಷ್ಟ್ರ ಹದಿನಾರನ್ನು ಮತ್ತೆ ಓದಿದೆವು.
ಅಲ್ಲಿಯೂ ಇರಲಿಲ್ಲ.
ಉರ್ಮಾಸ್ ಹೆಣಿಗೆಯ ಅಂಚಿನ ಮೇಲೆ ಬೆರಳೋಡಿಸಿದ,
ಒಂದು ಸಲ, ಇನ್ನೊಂದು ಸಲ,
ಮಾರಿದ ಗಾಡಿಯ ಬಣ್ಣ ನೆನೆಸಿಕೊಂಡನೋ ಏನೋ,
ಮಾತಾಡಲಿಲ್ಲ.

ತಿದ್ದುಪಡಿಯಲ್ಲಿ ಅವಳ ಹೆಸರು ಹಾಕಲು
ಇಬ್ಬರಿಗೂ ಒಪ್ಪಿಗೆ.
ಮೀನಿನ ವಿಷಯ ಹಾಕುವುದೋ ಬೇಡವೋ ಎಂದು
ಸಂಜೆಯವರೆಗೆ ಜಗಳವಾಡಿದೆವು.

ಚೀಟಿಯ ಹಿಂದೆ ಇನ್ನೆರಡು ಸಾಲು, ಪೆನ್ಸಿಲ್ಲಿನಲ್ಲಿ:
"ಬೆನ್ನಿಗಿದ್ದ ಮೂವತ್ತೆರಡರಲ್ಲಿ ಬರೀ ಜಾಹೀರಾತು.
ಮೂವತ್ತಮೂರು ಕಳಿಸಿ, ನಮೂನೆ ಅರ್ಧಕ್ಕೆ ನಿಂತಿದೆ."

ಮೂವತ್ತಮೂರರಲ್ಲಿ ಏನಿತ್ತೆಂದು ನಮಗೆ ಗೊತ್ತು.
ಮುಂದಿನ ಸಂಚಿಕೆಗೆ ಎಂಬ ಒಂದು ಸಾಲು,
ಅದರ ಕೆಳಗೆ ಒಂದು ಚಂದದ ಬಳ್ಳಿ.
ಆ ಮುಂದಿನದನ್ನು ಯಾರೂ ಬರೆದಿರಲಿಲ್ಲ.

ಕೆಳಗೆ ಬೇಕರಿಯವರು ಎರಡನೆಯ ಸುತ್ತಿನ ಹಿಟ್ಟು ಒಲೆಗಿಟ್ಟರು.
ಕುರ್ಚಿ ಎಳೆದುಕೊಂಡೆ.
ಸೊನ್ನೆ, ಒಂದು, ಎರಡು,
ಒಂಬತ್ತಕ್ಕೆ ನಿಲ್ಲಬೇಕು.