ಮಿಸ್ ಗುಡ್ಡ

ಚಾಂಪಿಯನ್ ರೀಫ್ಸ್ ಶಾಲೆ, ಎರಡನೇ ಕ್ಲಾಸು.
ಬೋರ್ಡಿನ ಮೇಲೆ ನಾನು ಬರೆದದ್ದು ಎಂದಿನದೇ:
ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ,
ಮೂಲೆಗೊಂದು ತೆಂಗಿನಮರ.
ನೋಡ್ಕೊಂಡು ಬರೀರಿ. ಮಾತಾಡಬೇಡಿ.

ಅರ್ಪುದ ಮೇರಿ ನೋಡಿದ್ದು ಕಿಟಕಿಯಾಚೆ.
ಚಪ್ಪಟೆ ತಲೆ, ಮೈತುಂಬ ಮಳೆ ಕೊರೆದ ಗೀರು,
ಗಣಿ ಉಗುಳಿಹೋದ ಮಣ್ಣಿನ ದಿಬ್ಬ.
ಪೆನ್ಸಿಲಿನ ಬೂದಿ ಸಾಲದೆ
ಡಸ್ಟರ್ ತಟ್ಟಿ ಸೀಮೆಸುಣ್ಣದ ಪುಡಿ ಮೆತ್ತಿದ್ದಳು.
‘ಗಾಳಿ ಬಂದ್ರೆ ಹಾರ್ತದೆ ಮಿಸ್, ಅದರ ಥರಾನೇ’
ಎಂದು ಉಫ್ ಅಂತ ಊದಿ ತೋರಿಸಿದಳು.
ನನ್ನ ಸೀರೆಯೆಲ್ಲ ಬಿಳಿ.

ಕೊಡವಿಕೊಂಡೆ.
ಕೆಂಪು ಪೆನ್ನು ತೆಗೆದೆ.
ಗುಡ್ಡ ಹಸಿರಿರಬೇಕು. ಐದು ಸಲ ಬರಿ.

ಬರೆದಳು,
ಸ್ಕೇಲು ಹಿಡಿದು, ಐದೂ ಒಂದೇ ಅಳತೆ.
ಐದಕ್ಕೂ ರೈಟು; ಕೊನೆಯದಕ್ಕೆ ಒಂದು ನಕ್ಷತ್ರ.

ಬಿಇಓ ಸಾಹೇಬರು ಬಂದ ದಿನ
ಗೋಡೆ ತುಂಬ ಅವೇ ತ್ರಿಕೋನ.
ಮೂವತ್ತೊಂದು ಮಕ್ಕಳು, ಅರವತ್ತೆರಡು ಗುಡ್ಡ,
ಎಲ್ಲೂ ಗೆರೆ ಮೀರದ ಹಸಿರು.
ನಕ್ಷತ್ರದ ಹಾಳೆಗೆ ಬೆರಳಿಟ್ಟು ಕೇಳಿದರು:
‘ಯಾವ ಗುಡ್ಡ ಮಗು ಇದು?’

ಅರ್ಪುದ ಮೇರಿ ಕಿಟಕಿಯ ಕಡೆ ತಿರುಗಲೇ ಇಲ್ಲ.
ಕೈಕಟ್ಟಿ ನಿಂತು,
‘ಮಿಸ್ ಗುಡ್ಡ, ಸಾರ್’ ಅಂದಳು.

ಸಾಹೇಬರು ನಕ್ಕರು.
ನಾನೂ ನಕ್ಕಿರಬೇಕು.