ಕೈಯ ಕೊಳೆ

ದುಡ್ಡು ಕೈಯ ಕೊಳೆ ಅನ್ನುತ್ತಿದ್ದೆ,
ಇಪ್ಪತ್ತಾರು ವರ್ಷ, ಕ್ಯಾಂಟೀನಿನಲ್ಲಿ, ಕೇಳದವರಿಗೂ.
ಸರ್ವೆ ಆಫೀಸಿನ ಹುಡುಗರು ನಗುತ್ತಿದ್ದರು:
ಸಾರ್ ಕೈ ತೊಳೆದುಕೊಂಡೇ ಹುಟ್ಟಿದವರು.

ಮೊನ್ನೆ ಸಂಜೆ ಮುನಿಕೆಂಪಣ್ಣ ಮನೆಗೆ ಬಂದ.
ಚಪ್ಪಲಿ ಹೊರಗೆ ಬಿಟ್ಟ, ನೀರು ಕೇಳಿ ಕುಡಿದ.
ಬೇಗೂರು ಕಡೆಯ ರಾಜಕಾಲುವೆ ನಕ್ಷೆಯಲ್ಲಿ
ಒಂದೇ ಒಂದು ಗೆರೆ
ಎಂಟಡಿ ಆಚೆ ಸರಿಯಬೇಕು.
"ನೀರು ಎಲ್ಲಾದ್ರೂ ಹರೀತದೆ ಬುಡಿ ಸಾ,
ಅದುಕ್ಕೇನು ನಕ್ಸೆ ಓದಾಕ್ ಬತ್ತದಾ?"

ಟೀಪಾಯಿ ಮೇಲೆ ಮೈಸೂರು ಪಾಕಿನ ಡಬ್ಬ.
ಮೇಲೊಂದು ಸಾಲು ಸಿಹಿ, ಕೆಳಗೆ ಬೆಣ್ಣೆಕಾಗದ,
ಅದರ ಕೆಳಗೆ ನನ್ನ ಎಂಟು ತಿಂಗಳ ಸಂಬಳ.

ಬೇಡ ಅಂದೆ. ಗಟ್ಟಿಯಾಗೇ ಅಂದೆ,
ಒಳಗೆ ಸರ್ವಮಂಗಳೆಗೂ ಕೇಳಲಿ ಅಂತ.
ಅವನು ನಕ್ಕ. ನಾಳೆ ಬತ್ತೀನಿ, ಇರ್ಲಿ, ಅಂದು ಹೋದ.

ರಾತ್ರಿಯೆಲ್ಲ ಖರ್ಚು ಮಾಡಿದೆ:
ಅವಳ ಮಂಡಿ ಆಪರೇಷನ್ನು, ಸೋರುವ ಸಜ್ಜಾ,
ಆಮೇಲೆ, ಯಾಕೋ, ಒಂದು ಜೊತೆ ಒಳ್ಳೆ ಬೂಟು.
ಮೂರು ಗಂಟೆಗೆ ಇನ್ನೂ ನಲವತ್ತು ಸಾವಿರ ಉಳಿದಿತ್ತು.
ಎದ್ದು ಕೂತೆ.
ಇಷ್ಟು ವರ್ಷ ನನ್ನನ್ನು ಕಾದದ್ದು ತತ್ವವೋ,
ಯಾರೂ ಬೆಲೆ ಕೇಳದೆ ಹೋದದ್ದೋ?

ಬೆಳಿಗ್ಗೆ ಡಬ್ಬ ವಾಪಸು ಕೊಟ್ಟೆ.
ಬಾಗಿಲಲ್ಲೇ ಮುಚ್ಚಳ ತೆಗೆದು ನೋಡಿದ,
ನೋಟು ಎಣಿಸಲಿಲ್ಲ.
"ಒಂದು ಪೀಸು ಕಮ್ಮಿ ಅದೆ ಸಾ," ಅಂದ, ಪ್ರೀತಿಯಿಂದಲೇ,
"ಚೆನ್ನಾಗಿತ್ತಾ?"

ಕೈ ತೊಳೆದೆ, ಎರಡು ಸಲ.
ತುಪ್ಪದ ಜಿಡ್ಡು
ತಣ್ಣೀರಿಗೆ ಹೋಗುವುದಿಲ್ಲ.