ಉಗುರುಸುತ್ತು

ಬೆರಳಿಗೆ ನಿಂಬೆಹಣ್ಣು ತೊಟ್ಟು ಬಂದಿದ್ದ
ದೇಜಪ್ಪ ಮೆಂಡನ್,
ಮುಹರಕ್ಕಿನ ಕ್ಲಿನಿಕ್ಕಿಗೆ, ಶುಕ್ರವಾರ, ಬಾಂಗಿಗೆ ಮುಂಚೆ.
ಹಣ್ಣು ಕಳಚಿದೆ. ಉಗುರಿನ ಬುಡ
ಬೆಂದ ಸಿಗಡಿಯ ಬಣ್ಣ.
ಹದಿನೆಂಟು ವರ್ಷ ಗರ್ಗೂರಿನ ತಂತಿ ಎಳೆದ ಕೈ,
ಐಸು, ಉಪ್ಪುನೀರು, ಹಮೂರಿನ ಮುಳ್ಳು,
ಒಣಗಿದ್ದೇ ಇಲ್ಲವಂತೆ
ಊರಿಗೆ ಹೋದ ಎರಡು ತಿಂಗಳು ಬಿಟ್ಟು.

ಒಂದು ಹನಿ ಕೀವು ಗಾಜಿನ ಮೇಲೆ.
ಬಣ್ಣ ಹಾಕಿ, ತೊಳೆದು, ಕಣ್ಣಿಟ್ಟೆ.
"ದಾದ ಉಂಡಕ್ಕಾ?"
ಬೂಷ್ಟು, ಎಂದೆ. ಕಳ್ಳಿನ ನೊರೆ ಎಬ್ಬಿಸುತ್ತದಲ್ಲ, ಅದರ ದಾಯಾದಿ.
ನಕ್ಕ. ನಗು ಇಳಿದ ಮೇಲೆ:
"ಒಳಗೆ ಕಾಯುವವರು ಯಾರೂ ಇಲ್ವಾ?"

ಇದ್ದಾರೆ.
ಅದು ದುಂಡಗೆ ಸಾಸಿವೆಯಂತಿದ್ದಾಗ ಸುಲಭ.
ಕಾವಲಿನ ಕಣಕ್ಕೆ ಕಣ್ಣಿಲ್ಲ, ತಡವುವುದೊಂದೇ ಗೊತ್ತು.
ಗೋಡೆಗೊಂದು ಸಕ್ಕರೆಯ ಹೊದಿಕೆ, ಅದರಡಿ
ಇನ್ನೊಂದು ಸಕ್ಕರೆ, ನಮ್ಮ ಮೈಯಲ್ಲೆಲ್ಲೂ ಇಲ್ಲದ್ದು.
ಹೊದಿಕೆ ಹರಿದಲ್ಲಿ ಕೈಗೆ ಸಿಕ್ಕಿತೋ
ಕೂಗು ಹೋಯಿತು, ನುಂಗಿಯೂ ಆಯಿತು.

ಆದರೆ ಬೆಟ್ಟು ತೋರಿಸಿದರೆ ಹಸ್ತ ನುಂಗುವ ಜಾತಿ ಇದು.
ಬೆಚ್ಚನೆ ಒದ್ದೆ ಸಿಕ್ಕರೆ ಉದ್ದವಾಗುತ್ತದೆ,
ದಾರವಾಗಿ ಚರ್ಮದ ಹೊಲಿಗೆಯೊಳಗೆ ತೂರುತ್ತದೆ.
ನುಂಗಬಂದವನ ಬಾಯಿ ಸಾಲದು.
ಆಗ ಬಿಳಿಯ ಕಣಗಳಲ್ಲಿ ಒಬ್ಬ ಅಲ್ಪಾಯುಷಿ,
ಬಂದು ಒಂದು ದಿನವೂ ಆಗಿರುವುದಿಲ್ಲ,
ಉದ್ದ ಅಳೆದು ನೋಡಿ
ತನ್ನ ನಡುವಿನ ಗಂಟನ್ನೇ ಬಿಚ್ಚುತ್ತಾನೆ.
ಅಜ್ಜ ಮುತ್ತಜ್ಜಿಯರು ಸುತ್ತಿಟ್ಟ ನೂಲು,
ಮೂಗಿನ ಆಕಾರ, ಕೂದಲ ಸುರುಳಿ ಬರೆದಿದ್ದ ನೂಲು,
ಎಲ್ಲಕ್ಕೂ ವಿಷ ಸವರಿ
ಹೊರಗೆ ಬೀಸುತ್ತಾನೆ.

"ಬೀಸುಬಲೆ," ಅಂದ ದೇಜಪ್ಪ.
ಹೌದು.
"ಎಳೆಯುವುದು ಯಾರು?"

ನಾನು ಬರೆದ ಯಾವ ಪರೀಕ್ಷೆಯಲ್ಲೂ ಈ ಪ್ರಶ್ನೆ ಬಂದಿರಲಿಲ್ಲ.
ಯಾರೂ ಇಲ್ಲ, ಎಂದೆ. ಬೀಸಿದವನೇ ಬಲೆ.
ದಡದಲ್ಲಿ ಯಾರೂ ಉಳಿದಿರುವುದಿಲ್ಲ.
ಆಮೇಲೆ ಗುಡಿಸುವವು ಬಂದು
ಬಲೆ, ಮೀನು, ಮೀನುಗಾರ, ಸಿಕ್ಕಿದ್ದನ್ನೆಲ್ಲ ತಿನ್ನುತ್ತವೆ.
ತಿಂದು ಉಳಿದದ್ದು ಕೀವು.

ಕುರ್ಚಿ ಬಿಟ್ಟುಕೊಟ್ಟೆ. ಒಂಟಿ ಕಣ್ಣು ಮುಚ್ಚಿ ಬಗ್ಗಿದ.
ಬಲೆ ಈ ಗಾಜಿಗೆ ಕಾಣುವಷ್ಟು ದಪ್ಪವಿಲ್ಲ,
ನೀಲಿ ಕಲೆಗಳಷ್ಟೇ. ತುಂಬ ಹೊತ್ತು ನೋಡಿದ.
"ದಿನಾ ಬೆಳಿಗ್ಗೆ ಹಿಂಡಿ
ಕಡಲಿಗೆ ಕೊಡವುತ್ತಿದ್ದೆ," ಎಂದ, ತಪ್ಪೊಪ್ಪಿದವನ ಹಾಗೆ.

ಮುಲಾಮು. ಕೈ ಒಣಗಿಸಿಡಬೇಕು ಎಂಬ ಚೀಟಿ,
ಅರಬ್ಬಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ.
ದೋಣಿ ಎರಡು ಗಂಟೆಗಂತೆ.
ಹೋದ ಮೇಲೆ ನೋಡಿದರೆ ನಿಂಬೆಹಣ್ಣು ಮೇಜಿನ ಮೇಲೇ ಇದೆ,
ಅವನ ಬೆರಳಿನಳತೆಯ ತೂತು
ಇನ್ನೂ ಒದ್ದೆ.